ಖಾಲಿ ಮಾಡಿದ ಇಂಜಿನ್ ಖಾಲಿಯಾಗಿರುವುದಿಲ್ಲ

ಕೆನಡಾದ ವಿನಿಪೆಗ್‌ನಲ್ಲಿ ಜನವರಿ ರಾತ್ರಿ ಮೈನಸ್ 20 ಡಿಗ್ರಿ ಸೆಲ್ಸಿಯಸ್ ಮಾಮೂಲು. ಮೈನಸ್ 35ರ ಹತ್ತಿರಕ್ಕೆ ಇಳಿಯುವ ರಾತ್ರಿಗಳೂ ಬಂದುಹೋಗುತ್ತವೆ. ಇಂಥ ಊರಲ್ಲೂ ದಿನಾ ಓಡುವ ಕಾರಿನ ಇಂಜಿನ್ ಬ್ಲಾಕ್ ಚಳಿಗೆ ಸೀಳುವುದು ಅಪರೂಪ. ಸೀಳುವುದು ರಿಪೇರಿಗೆಂದು ಬಿಚ್ಚಿಟ್ಟ ಕಾರಿನದು. ವಾಟರ್ ಪಂಪ್ ಬಿಚ್ಚಿ ಹೊಸದು ಸಿಗದೆ ಅರ್ಧಕ್ಕೆ ನಿಂತದ್ದು, ಹೆಡ್ ಇಳಿಸಿ ಮಷಿನ್ ಶಾಪ್‌ಗೆ ಕೊಟ್ಟು ವಾರಗಟ್ಟಲೆ ಕಾದದ್ದು, ರೇಡಿಯೇಟರ್ ತೊಳೆದು ‘ಕೂಲೆಂಟ್ ನಾಳೆ ಹಾಕೋಣ’ ಎಂದು ಬಾಗಿಲೆಳೆದುಕೊಂಡು ಹೋದದ್ದು, ಇಂಥವು.

ನಾನು ಕಸುಬು ಕಲಿತದ್ದು ದಾವಣಗೆರೆಯ ಒಂದು ಗ್ಯಾರೇಜಿನಲ್ಲಿ. ಅಲ್ಲಿ ರೇಡಿಯೇಟರಿಗೆ ನಲ್ಲಿ ನೀರು ಹಾಕಿದರೂ ಹೆಚ್ಚೆಂದರೆ ತುಕ್ಕು ಹಿಡಿದೀತು. ಇಲ್ಲಿ ಅದೇ ನೀರು ಎರಕದ ಕಬ್ಬಿಣವನ್ನು ಒಂದೇ ರಾತ್ರಿಯಲ್ಲಿ ಒಡೆಯುತ್ತದೆ. ಮನೆಯ ಗ್ಯಾರೇಜಿನಲ್ಲೇ ಕೈ ಮಸಿ ಮಾಡಿಕೊಳ್ಳುವ ಕನ್ನಡದ ಹುಡುಗರು ಇಲ್ಲಿ ಬಹಳ ಮಂದಿ. ಚಳಿಗಾಲ ಶುರುವಾದರೆ ಅವರ ಫೋನ್ ಬರುತ್ತಲೇ ಇರುತ್ತದೆ. ಅವರಿಗೆ ಬಿಡಿಬಿಡಿಯಾಗಿ ಹೇಳುತ್ತ ಬಂದದ್ದನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

1. ಎಲ್ಲಿ ನಿಲ್ಲಿಸುತ್ತೀರಿ ಎಂದು ಮೊದಲು ಗೊತ್ತುಮಾಡಿಕೊಳ್ಳಿ

ಚಳಿಗಾಲದ ರಿಪೇರಿಯಲ್ಲಿ ಕೆಲಸ ಎಲ್ಲಿಂದ ಶುರುಮಾಡುವುದು ಎಂಬುದಕ್ಕಿಂತ, ಕೈಬಿಡಬೇಕಾಗಿ ಬಂದರೆ ಯಾವ ಹಂತದಲ್ಲಿ ಬಿಡಬಹುದು ಎಂಬುದು ಮುಖ್ಯ. ಸಂಜೆಯೊಳಗೆ ಮುಗಿಯುತ್ತದೆ ಎಂದುಕೊಂಡ ಕೆಲಸ ಮುಗಿಯುವುದಿಲ್ಲ. ತುಕ್ಕು ಹಿಡಿದ ಬೋಲ್ಟ್ ಮುರಿಯುತ್ತದೆ. ತಂದ ಗ್ಯಾಸ್ಕೆಟ್ ಬೇರೆ ವರ್ಷದ ಮಾಡೆಲ್ಲಿನದಾಗಿರುತ್ತದೆ. ಅಂಗಡಿ ಮುಚ್ಚಿ, ನಾಳೆ ಭಾನುವಾರವಾಗಿರುತ್ತದೆ.

ನಾನು ಸ್ಪ್ಯಾನರ್ ಹಿಡಿಯುವ ಮೊದಲು ಕೇಳಿಕೊಳ್ಳುವುದು ಇಷ್ಟೇ: ಈಗ ಈ ಇಂಜಿನ್ನಿನೊಳಗೆ ಬರೀ ನೀರು ಎಲ್ಲಾದರೂ ಇದೆಯೇ? ಇಲ್ಲದಿದ್ದರೆ ಯಾವ ಹಂತದಲ್ಲಾದರೂ ಬಿಟ್ಟು ಹೋಗಬಹುದು. ಇದ್ದರೆ ಊಟಕ್ಕೂ ಏಳುವಂತಿಲ್ಲ. ಆದ್ದರಿಂದ ಬಿಚ್ಚುವ ದಿನದ ಹಿಂದಿನ ದಿನವೇ ಹಳೇ ಕೂಲೆಂಟ್ ಎಷ್ಟು ಚಳಿ ತಡೆಯುತ್ತದೆ ಎಂದು ಅಳೆದು ನೋಡಿ. ಅದು ಸಾಕಷ್ಟು ಚಳಿ ತಡೆಯುವಂಥದ್ದಾಗಿದ್ದರೆ ಬ್ಲಾಕಿನ ಮೂಲೆಗಳಲ್ಲಿ ಉಳಿದುಕೊಳ್ಳುವುದೂ ಅಂಥದ್ದೇ. ವಾಟರ್ ಪಂಪ್ ಬದಲಿಸುವಂಥ ಕೆಲಸಕ್ಕೆ ಚಳಿಗಾಲದಲ್ಲಿ ನೀರಿನಿಂದ ತೊಳೆಯುವ ಉಸಾಬರಿಯೇ ಬೇಡ. ತೊಳೆಯಬೇಕಿದ್ದರೆ ಮೇ ತಿಂಗಳಲ್ಲಿ ತೊಳೆಯಿರಿ.

2. ರೇಡಿಯೇಟರ್ ಬರಿದಾದರೆ ಬ್ಲಾಕ್ ಬರಿದಾಗುವುದಿಲ್ಲ

‘ಅಣ್ಣಾ, ಎಲ್ಲ ನೀರೂ ಇಳಿಸಿಬಿಟ್ಟಿದೀನಿ, ಇನ್ನೇನು ಭಯ?’ ಎಂದು ಕೇಳುವವರು ಇಳಿಸಿರುವುದು ರೇಡಿಯೇಟರಿನ ಕೆಳಗಿನ ನಲ್ಲಿಯಿಂದ ಮಾತ್ರ. ಬ್ಲಾಕಿಗೂ ರೇಡಿಯೇಟರಿಗೂ ನಡುವಿನ ಥರ್ಮೋಸ್ಟಾಟ್ ವಾಲ್ವ್ ತಣ್ಣಗಿದ್ದಾಗ ಮುಚ್ಚಿಕೊಂಡಿರುತ್ತದೆ. ಸಿಲಿಂಡರುಗಳ ಸುತ್ತಲಿನ ವಾಟರ್ ಜಾಕೆಟ್ ಎಷ್ಟೋ ಇಂಜಿನ್ನುಗಳಲ್ಲಿ ಪಂಪಿನ ಬಾಯಿಗಿಂತ ಕೆಳಕ್ಕಿರುತ್ತದೆ. ಹೋಸ್ ಕಿತ್ತರೂ ಆ ಬಾಯಿಯ ಮಟ್ಟದ ಕೆಳಗಿನದು ಅಲ್ಲೇ ಉಳಿಯುತ್ತದೆ.

ಬ್ಲಾಕಿಗೆ ಬೇರೆಯೇ ಡ್ರೈನ್ ಪ್ಲಗ್ ಇರುತ್ತದೆ. ನಾಲ್ಕು ಸಿಲಿಂಡರಿನ ಸಾಲು ಇಂಜಿನ್ನಿಗೆ ಸಾಮಾನ್ಯವಾಗಿ ಒಂದು, ವಿ ಆಕಾರದ ಇಂಜಿನ್ನಿಗೆ ಎರಡೂ ಮಗ್ಗುಲಲ್ಲಿ ಒಂದೊಂದು. ಕೆಲವು ಗಾಡಿಗಳಲ್ಲಿ ಅದು ಎಕ್ಸಾಸ್ಟ್ ಪೈಪಿನ ಹಿಂದೆ, ಕೈ ಹೋಗದ ಜಾಗದಲ್ಲಿ ಅಡಗಿರುತ್ತದೆ. ಕೆಲವದರಲ್ಲಿ ಇರುವುದೇ ಇಲ್ಲ. ಬಿಚ್ಚಿದರೂ ಹನಿ ಬರದಿದ್ದರೆ ಬ್ಲಾಕ್ ಖಾಲಿ ಎಂದು ತಿಳಿಯಬೇಡಿ. ತುಕ್ಕಿನ ಕೆಸರು ಒಳಗಿನಿಂದ ತೂತನ್ನು ಮುಚ್ಚಿರುತ್ತದೆ. ಗಟ್ಟಿ ತಂತಿಯಿಂದ ಚುಚ್ಚಿದರೆ ದಬದಬ ಸುರಿಯುತ್ತದೆ. ಹೀಗೆ ಸುರಿದದ್ದನ್ನು ನೋಡಿ ಬೆಪ್ಪಾದವರು ಎಷ್ಟೋ ಮಂದಿ.

ಹೀಟರ್ ಕೋರ್ ಇನ್ನೊಂದು ತಾಣ. ಡ್ಯಾಶ್‌ಬೋರ್ಡಿನ ಹಿಂದಿರುವ ಈ ಪುಟ್ಟ ರೇಡಿಯೇಟರ್ ತಾನಾಗಿ ಬರಿದಾಗುವುದಿಲ್ಲ. ಅದರ ಎರಡೂ ಹೋಸ್ ಕಿತ್ತು, ಒಂದರ ಬಾಯಿಂದ ಮೆಲ್ಲಗೆ ಗಾಳಿ ಊದಬೇಕು. ಕಂಪ್ರೆಸರಿನ ಪೂರ್ತಿ ಒತ್ತಡ ಬಿಟ್ಟರೆ ತೆಳ್ಳನೆಯ ಕೊಳವೆಗಳು ಹರಿಯುತ್ತವೆ. ಅದನ್ನು ಬದಲಿಸಲು ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕಾದ ಗಾಡಿಗಳಿವೆ. ನನ್ನ ಲೆಕ್ಕದಲ್ಲಿ ಅದು ಬ್ಲಾಕ್ ಒಡೆದ ನಂತರದ ಎರಡನೇ ದೊಡ್ಡ ಶಿಕ್ಷೆ.

ಎಷ್ಟು ಉಳಿದಿದೆ ಎಂದು ತಿಳಿಯಲು ಊಹೆ ಬೇಡ. ಇಳಿಸಿದ್ದನ್ನೆಲ್ಲ ಗುರುತು ಹಾಕಿದ ಡಬ್ಬಿಗೆ ಹಿಡಿಯಿರಿ. ಗಾಡಿಯ ಪುಸ್ತಕದಲ್ಲಿ ಒಟ್ಟು 8 ಲೀಟರ್ ಎಂದಿದ್ದು, ಡಬ್ಬಿಯಲ್ಲಿ 5 ಲೀಟರ್ ಇದ್ದರೆ, 3 ಲೀಟರ್ ಇನ್ನೂ ಒಳಗಿದೆ.

3. ನೀರಲ್ಲಿ ತೊಳೆದ ಮೇಲೆ ಲೆಕ್ಕ ತಪ್ಪುವುದು ಹೀಗೆ

ಹೆಚ್ಚಿನ ಬ್ಲಾಕುಗಳು ಹೋಗುವುದು ಈ ಲೆಕ್ಕದಲ್ಲಿ. ಮೇಲೆ ಹೇಳಿದ 8 ಲೀಟರಿನ ಗಾಡಿಯನ್ನೇ ತೆಗೆದುಕೊಳ್ಳಿ. ನೀರು ಬಿಟ್ಟು ಚೆನ್ನಾಗಿ ತೊಳೆದಿರಿ, ಇಳಿಸಿದಿರಿ. ಒಳಗೆ 3 ಲೀಟರ್ ಬರೀ ನೀರು ಉಳಿಯಿತು. ಅಂಗಡಿಯಿಂದ ಅರ್ಧಕ್ಕರ್ಧ ಬೆರೆಸಿದ ರೆಡಿಮೇಡ್ ಕೂಲೆಂಟ್ ತಂದು 5 ಲೀಟರ್ ಹಾಕಿದಿರಿ. ಕ್ಯಾನಿನ ಮೇಲೆ ಮೈನಸ್ 37 ಡಿಗ್ರಿ ಎಂದು ಬರೆದಿದೆ, ನೀವು ನಿಶ್ಚಿಂತರು. ಆದರೆ ಆ 5 ಲೀಟರಿನಲ್ಲಿ ಚಳಿ ತಡೆಯುವ ಗ್ಲೈಕಾಲ್ ಇರುವುದು ಎರಡೂವರೆ ಲೀಟರ್. ಒಟ್ಟು ಎಂಟರಲ್ಲಿ ಅದು ಶೇಕಡಾ 31. ಅಷ್ಟು ತೆಳುವಾದ ಮಿಶ್ರಣ ಮೈನಸ್ 16ರ ಸುತ್ತಮುತ್ತ ಹರಳುಗಟ್ಟಲು ಶುರುಮಾಡುತ್ತದೆ. ಕ್ಯಾನಿನ ಮೇಲೆ ಬರೆದದ್ದು ಸುಳ್ಳಲ್ಲ, ಅದು ಕ್ಯಾನಿನ ಒಳಗಿರುವುದಕ್ಕೆ ಮಾತ್ರ ಸಲ್ಲುತ್ತದೆ.

ಆದ್ದರಿಂದ ತೊಳೆದ ಇಂಜಿನ್ನಿಗೆ ರೆಡಿಮೇಡ್ ಮಿಶ್ರಣ ತರಬೇಡಿ. ನೀರು ಬೆರೆಸದ ಕೂಲೆಂಟ್ ತಂದು, ಒಟ್ಟು ಹಿಡಿಸುವುದರ ಅರ್ಧದಷ್ಟನ್ನು, ಅಂದರೆ ಇಲ್ಲಿ 4 ಲೀಟರನ್ನು, ಮೊದಲು ಸುರಿಯಿರಿ. ಉಳಿದ 1 ಲೀಟರಿನ ಜಾಗಕ್ಕೆ ಡಿಸ್ಟಿಲ್ಡ್ ವಾಟರ್. ನಂತರ ಇಂಜಿನ್ ಓಡಿಸಿ, ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು, ಥರ್ಮೋಸ್ಟಾಟ್ ತೆರೆದು ಮೇಲಿನ ಹೋಸ್ ಬಿಸಿಯಾಗುವವರೆಗೆ ಕಾಯಿರಿ. ಇದಾಗದೆ ಒಳಗಿನ ನೀರೂ ಹೊಸ ಕೂಲೆಂಟೂ ಬೆರೆಯುವುದಿಲ್ಲ. ರೇಡಿಯೇಟರಿನ ಬಾಯಲ್ಲಿ ಬಣ್ಣದ ದ್ರವ ಕಂಡರೂ ಬ್ಲಾಕಿನ ತಳದಲ್ಲಿ ನೀರೇ ನಿಂತಿರುತ್ತದೆ.

4. ಹೆಚ್ಚು ಹಾಕಿದರೆ ಹೆಚ್ಚು ಕ್ಷೇಮ ಎಂದೇನಿಲ್ಲ

ಮೇಲಿನದನ್ನು ಕೇಳಿದವರು ಇನ್ನೊಂದು ಕೊನೆಗೆ ಹೋಗುತ್ತಾರೆ: ‘ಹಾಗಾದರೆ ನೀರೇ ಬೇಡ, ಪೂರ್ತಿ ಕೂಲೆಂಟನ್ನೇ ತುಂಬಿಬಿಡೋಣ.’ ಶುದ್ಧ ಎಥಿಲೀನ್ ಗ್ಲೈಕಾಲ್ ಮೈನಸ್ 13ರ ಹತ್ತಿರವೇ ಗಟ್ಟಿಯಾಗುತ್ತದೆ. ನೀರು ಬೆರೆತಾಗಲೇ ಅದರ ಶಕ್ತಿ. ಅರ್ಧಕ್ಕರ್ಧ ಬೆರೆಸಿದರೆ ಮೈನಸ್ 37. ನೂರಕ್ಕೆ ಅರವತ್ತು ಪಾಲು ಗ್ಲೈಕಾಲ್ ಆದರೆ ಮೈನಸ್ 50ರ ಆಚೆ. ಎಪ್ಪತ್ತು ದಾಟಿಸಿದರೆ ಮತ್ತೆ ಮೇಲಕ್ಕೇ ಬರುತ್ತದೆ. ಸಾಲದ್ದಕ್ಕೆ, ಗ್ಲೈಕಾಲ್ ಹೆಚ್ಚಾದಷ್ಟೂ ಶಾಖ ಒಯ್ಯುವ ಶಕ್ತಿ ಕಡಿಮೆ. ವಿನಿಪೆಗ್‌ನ ನನ್ನ ಗಾಡಿಗೆ ನಾನು ಹಾಕುವುದು ಅರವತ್ತು-ನಲವತ್ತು. ಬೆಂಗಳೂರಿನ ಗಾಡಿಗೆ ಅದು ಬೇಕಿಲ್ಲ.

ಅಳೆಯಲು ತೇಲುವ ಗುಂಡುಗಳ ಅಗ್ಗದ ಪಿಚಕಾರಿ ಸಿಗುತ್ತದೆ. ದ್ರವದ ಬಿಸಿಯ ಮೇಲೆ ಅದರ ಮಾತು ಬದಲಾಗುತ್ತದೆ, ಕೂಲೆಂಟ್ ಎಥಿಲೀನಿನ ಬದಲು ಪ್ರೊಪಿಲೀನ್ ಗ್ಲೈಕಾಲಿನದಾಗಿದ್ದರಂತೂ ತಪ್ಪೇ ಹೇಳುತ್ತದೆ. ಒಂದು ಹನಿ ಹಾಕಿ ಬೆಳಕಿಗೆ ಹಿಡಿದು ನೋಡುವ ರಿಫ್ರಾಕ್ಟೋಮೀಟರ್ ಕೊಳ್ಳಿ. ಅದರಲ್ಲಿ ಎರಡು ಬಗೆಗೂ ಬೇರೆಬೇರೆ ಗೆರೆಗಳಿರುತ್ತವೆ.

ಮನೆಯ ಪೈಪುಗಳಿಗೆಂದು, ದೋಣಿಗಳಿಗೆಂದು ಮಾರುವ ಗುಲಾಬಿ ಬಣ್ಣದ ದ್ರವವೊಂದಿದೆ. ಬಹಳ ಅಗ್ಗ. ಹೆಡ್ ಇಳಿಸಿ ವಾರಗಟ್ಟಲೆ ಬಿಡಬೇಕಾದ ಬ್ಲಾಕಿಗೆ ಅದನ್ನು ಸುರಿದು, ಡ್ರೈನ್ ತೂತಿನಿಂದ ಗುಲಾಬಿ ಬಣ್ಣವೇ ಬರುವ ತನಕ ಹರಿಸಿದರೆ ಮೂಲೆಯ ನೀರೆಲ್ಲ ಹೊರಗೆ ಬರುತ್ತದೆ. ಡಬ್ಬಿಯ ಮೇಲೆ ಮೈನಸ್ 50 ಎಂದು ಬರೆದಿರುವುದು ಪೈಪು ಒಡೆಯದಿರುವ ಮಟ್ಟ, ನುಚ್ಚಾಗುವುದು ಅದಕ್ಕಿಂತ ಬಹಳ ಮೊದಲೇ. ಅದರಲ್ಲಿ ಇಂಜಿನ್ನಿಗೆ ಬೇಕಾದ ತುಕ್ಕು ತಡೆಯುವ ಅಂಶಗಳೂ ಇಲ್ಲ. ಜೋಡಿಸುವಾಗ ತೆಗೆಯಲೇಬೇಕು.

5. ಪ್ಲಗ್ ಹಾರಿ ಬ್ಲಾಕ್ ಉಳಿಯುತ್ತದೆ ಎಂದು ನಂಬಬೇಡಿ

ಈ ಪ್ಲಗ್ಗುಗಳು, ಅಂದರೆ ಬ್ಲಾಕಿನ ಪಕ್ಕೆಯಲ್ಲಿ ಕಾಣುವ ದುಂಡನೆಯ ತಗಡಿನ ಬಿಲ್ಲೆಗಳು, ಚಳಿಗಾಗಿ ಇಟ್ಟವಲ್ಲ. ಎರಕ ಹೊಯ್ಯುವಾಗ ಒಳಗಿನ ಟೊಳ್ಳಿಗೆಂದು ಇಟ್ಟ ಮರಳನ್ನು ಹೊರತೆಗೆಯಲು ಬಿಟ್ಟ ತೂತುಗಳಿಗೆ ಮುಚ್ಚಳ ಅವು. ಐಸ್ ಒತ್ತಿದಾಗ ಕೆಲವೊಮ್ಮೆ ಹೊರಗೆ ಹಾರುತ್ತವೆ, ಬ್ಲಾಕ್ ಬದುಕುತ್ತದೆ. ಕೆಲವೊಮ್ಮೆ ಎರಡೂ ಹೋಗುತ್ತವೆ. ನೀರು ಗಡ್ಡೆಯಾಗುವಾಗ ಶೇಕಡಾ 9ರಷ್ಟು ಹಿಗ್ಗುತ್ತದೆ. ಹಿಗ್ಗಲು ಜಾಗವೇ ಇಲ್ಲದಂತೆ ಬಂಧಿಸಿದ್ದರೆ ಮೈನಸ್ 22ರಲ್ಲಿ ಅದರ ಒತ್ತಡ ವಾಯುಮಂಡಲದ ಒತ್ತಡದ 2,000 ಪಟ್ಟು ದಾಟಬಲ್ಲದು. ಎರಕದ ಕಬ್ಬಿಣ ಅದುಮಿದರೆ ತಡೆದೀತು, ಎಳೆದರೆ ತಡೆಯದು. ಎಲ್ಲಿ ಗೋಡೆ ತೆಳುವೋ ಅಲ್ಲಿ ಸೀಳುತ್ತದೆ.

6. ಹೆಡ್ ಇಳಿಸಿದಾಗ ಬೋಲ್ಟ್ ತೂತು ನೋಡಿ

ಹೆಡ್ ಎತ್ತಿದ ಕೂಡಲೇ ಜಾಕೆಟ್ಟಿನಲ್ಲಿ ಉಳಿದ ಕೂಲೆಂಟ್ ಸಿಲಿಂಡರುಗಳಿಗೂ ಹೆಡ್ ಬೋಲ್ಟಿನ ತೂತುಗಳಿಗೂ ಚೆಲ್ಲುತ್ತದೆ. ಸಿಲಿಂಡರಿನದು ಕಣ್ಣಿಗೆ ಕಾಣುತ್ತದೆ, ಎಲ್ಲರೂ ಒರೆಸುತ್ತಾರೆ. ಬೋಲ್ಟ್ ತೂತು ಕತ್ತಲು, ಆಳ, ಅನೇಕ ಇಂಜಿನ್ನುಗಳಲ್ಲಿ ತಳ ಮುಚ್ಚಿದ್ದು. ಅದರಲ್ಲಿ ಒಂದು ಚಮಚ ನಿಂತರೂ ಎರಡು ಬಗೆಯ ಅಪಾಯವಿದೆ. ಅದು ತೆಳು ಮಿಶ್ರಣವಾಗಿದ್ದರೆ ರಾತ್ರಿ ಗಡ್ಡೆ ಕಟ್ಟುತ್ತದೆ, ಬೆಳಿಗ್ಗೆ ಬೋಲ್ಟ್ ಅದರ ಮೇಲೆ ಕೂತು, ಟಾರ್ಕ್ ರೆಂಚ್ ‘ಟಕ್’ ಎಂದರೂ ಹೆಡ್ ಬಿಗಿದಿರುವುದಿಲ್ಲ. ದ್ರವವಾಗಿಯೇ ಇದ್ದರೆ ಇನ್ನೂ ಕೆಟ್ಟದ್ದು. ದ್ರವ ಅಮುಕಿಕೊಳ್ಳುವುದಿಲ್ಲ. ಬೋಲ್ಟ್ ತಿರುಗಿದಂತೆ ತೂತಿನ ತಳಕ್ಕೆ ಒತ್ತಡ ಏರಿ ಬ್ಲಾಕ್ ಬಿರುಕು ಬಿಡುತ್ತದೆ. ಅಂಥ ಬಿರುಕನ್ನು ಎಷ್ಟೋ ಜನ ಚಳಿಯ ಲೆಕ್ಕಕ್ಕೆ ಬರೆಯುತ್ತಾರೆ.

ಹೆಡ್ ಎತ್ತುವ ಮೊದಲೇ ಬ್ಲಾಕಿನ ಡ್ರೈನ್ ಪ್ಲಗ್ ಬಿಚ್ಚಿ ದ್ರವದ ಮಟ್ಟವನ್ನು ಕೆಳಗಿಳಿಸಿ. ಎತ್ತಿದ ಮೇಲೆ ಸಿರಿಂಜಿಗೆ ತೆಳು ಕೊಳವೆ ಸಿಕ್ಕಿಸಿ ಪ್ರತಿ ತೂತಿನಿಂದ ಹೀರಿ, ಮೇಲೆ ಬಟ್ಟೆ ಅಡ್ಡ ಹಿಡಿದು ಗಾಳಿ ಊದಿ. ಕನ್ನಡಕ ಹಾಕಿಕೊಂಡೇ ಮಾಡಿ. ಸಿಲಿಂಡರಿನ ಗೋಡೆಗೆ ಇಂಜಿನ್ ಆಯಿಲ್ ಸವರಿ. ಬ್ಲಾಕಿನ ಮೇಲ್ಮೈಯನ್ನು ಪ್ಲಾಸ್ಟಿಕ್ಕಿನಿಂದ ಬಿಗಿಯಾಗಿ ಮುಚ್ಚಿ. ಹೊರಗೆ ಕೊರೆದ ಬ್ಲಾಕನ್ನು ಬೆಚ್ಚನೆಯ ಗ್ಯಾರೇಜಿಗೆ ತರುವುದಿದ್ದರೆ ಈ ಹೊದಿಕೆ ತೆಗೆಯದೆಯೇ ತನ್ನಿ. ಗಾಳಿಯ ತೇವ ತಣ್ಣನೆಯ ಲೋಹವನ್ನು ಹುಡುಕಿಕೊಂಡು ಬಂದು ಕೂರುತ್ತದೆ, ಮುಚ್ಚದ ಬೋರಿನಲ್ಲಿ ಮಾರನೆಯ ದಿನಕ್ಕೇ ಕೆಂಪು ತುಕ್ಕು. ಲೋಹ ಬೆಚ್ಚಗಾದ ಮೇಲೆ ಹೊದಿಕೆ ತೆಗೆಯಿರಿ.

ಮಷಿನ್ ಶಾಪಿನಿಂದ ಬಂದ ಬೆಚ್ಚನೆಯ ಅಲ್ಯುಮಿನಿಯಂ ಹೆಡ್ಡನ್ನು ಮೈನಸ್ ಡಿಗ್ರಿಯ ಕಬ್ಬಿಣದ ಬ್ಲಾಕಿನ ಮೇಲೆ ಕೂರಿಸಲು ಅವಸರಿಸಬೇಡಿ. ಅಲ್ಯುಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗಿ ಕುಗ್ಗುತ್ತದೆ. ಎರಡೂ ಒಂದೇ ಜಾಗದಲ್ಲಿ ಒಂದು ರಾತ್ರಿ ಇದ್ದು ಒಂದೇ ಬಿಸಿಗೆ ಬರಲಿ. ಟ್ಯೂಬಿನ ಸಿಲಿಕೋನ್ ಗ್ಯಾಸ್ಕೆಟ್ ಕೂಡ ಒಣ ಚಳಿಯಲ್ಲಿ ಗಟ್ಟಿಯಾಗಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ.

7. ಬ್ಲಾಕ್ ಹೀಟರಿನ ಪ್ಲಗ್ಗಿಗೆ ಚೀಟಿ ಅಂಟಿಸಿ

ಇಲ್ಲಿನ ಕಾರುಗಳ ಮುಂದಿನ ಜಾಲರಿಯಿಂದ ಕರೆಂಟ್ ಪ್ಲಗ್ ಜೋತಾಡುವುದನ್ನು ನೋಡಿ ಊರಿನಿಂದ ಬಂದವರು ‘ಇದೇನು, ಎಲೆಕ್ಟ್ರಿಕ್ ಕಾರಾ?’ ಎಂದು ಕೇಳುತ್ತಾರೆ. ಅದು ಚಳಿಯಲ್ಲಿ ಇಂಜಿನ್ ಬೆಚ್ಚಗಿಡುವ ಬ್ಲಾಕ್ ಹೀಟರ್. ವಿನಿಪೆಗ್‌ನಿಂದ ದಕ್ಷಿಣಕ್ಕೆ, ಗಡಿಯಾಚೆ, ಅಮೆರಿಕದ ನಾರ್ತ್ ಡಕೋಟಾದ ಗ್ರ್ಯಾಂಡ್ ಫೋರ್ಕ್ಸ್ ಊರಿನ ಆಂಡ್ರ್ಯೂ ಫ್ರೀಮನ್ ಎಂಬುವರು ಹೆಡ್ ಬೋಲ್ಟಿನ ಜಾಗದಲ್ಲಿ ಕೂರಿಸುವ ಹೀಟರಿಗೆ 1949ರಲ್ಲಿ ಪೇಟೆಂಟ್ ಪಡೆದರು. ಈಗಿನವು ಹೆಚ್ಚಾಗಿ ಮೇಲೆ ಹೇಳಿದ ತಗಡಿನ ಬಿಲ್ಲೆಯ ತೂತಿನಲ್ಲಿ, ಕೂಲೆಂಟಿನಲ್ಲಿ ಮುಳುಗಿ ಕೂರುತ್ತವೆ. ಸಣ್ಣ ಕಾರಿನದು ಸುಮಾರು 400 ವಾಟ್.

ಮುಳುಗಿರುವವರೆಗೆ ಸರಿ. ಕೂಲೆಂಟ್ ಇಳಿಸಿದ ಇಂಜಿನ್ನಿಗೆ ಪ್ಲಗ್ ಚುಚ್ಚಿದರೆ ಹೀಟರಿನ ಕಾಯಿಲ್ ಸುಟ್ಟುಹೋಗುತ್ತದೆ, ಬೆಂಕಿಯೂ ಹೊತ್ತಿಕೊಳ್ಳಬಹುದು. ಸಾಮಾನ್ಯವಾಗಿ ಚುಚ್ಚುವವರು ಮನೆಯವರೇ. ಹೊರಗೆ ಚಳಿ ಎಂದು ಪ್ರೀತಿಯಿಂದ ಚುಚ್ಚಿ ಮಲಗುತ್ತಾರೆ. ಹಾಗಾಗಿ ಕೂಲೆಂಟ್ ಇಳಿಸಿದ ಕ್ಷಣವೇ ಪ್ಲಗ್ಗಿನ ಕಡ್ಡಿಗಳಿಗೆ ಟೇಪ್ ಸುತ್ತಿ ‘ಕೂಲೆಂಟ್ ಇಲ್ಲ’ ಎಂದು ಬರೆಯಿರಿ.

ನೀರು ತುಂಬಿದ ಇಂಜಿನ್ನನ್ನು ಹೀಟರಿನ ನಂಬಿಕೆಯ ಮೇಲೆ ಬಿಡುವುದೂ ಸಲ್ಲದು. ಅದು ಕಾಯಿಸುವುದು ಬ್ಲಾಕನ್ನು. ರೇಡಿಯೇಟರಿಗೆ ಆ ಬಿಸಿ ತಲುಪುವುದಿಲ್ಲ. ರಾತ್ರಿ ಫ್ಯೂಸ್ ಹೋದರೆ ಬ್ಲಾಕಿಗೂ ಇಲ್ಲ.

8. ಗ್ಯಾರೇಜ್ ಬೆಚ್ಚಗಿಡುವ ಆಸೆಗೆ ಪ್ರಾಣ ಕೊಡಬೇಡಿ

ಮುಚ್ಚಿದ ಗ್ಯಾರೇಜಿನಲ್ಲಿ ಸೀಮೆಎಣ್ಣೆ ಅಥವಾ ಪ್ರೊಪೇನ್ ಹೀಟರ್ ಉರಿಸಿದರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ. ತಲೆನೋವು ಬಂದರೆ ಚಳಿಯ ತಲೆನೋವು ಎಂದುಕೊಳ್ಳುತ್ತೀರಿ. ಅದರ ಜೊತೆಗೆ ಪೆಟ್ರೋಲ್ ಪೈಪ್ ಬಿಚ್ಚಿದ್ದರಂತೂ ಉರಿಯುವ ಯಾವುದೂ ಅಲ್ಲಿರಬಾರದು. ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದ ಗ್ಯಾರೇಜಿಗೆ ನಾನು ಚಳಿಗಾಲದಲ್ಲಿ ಕೆಲಸಕ್ಕೆ ಹೋಗುವುದಿಲ್ಲ. ಇದನ್ನು ಜಂಬ ಎಂದವರೂ ಇದ್ದಾರೆ.

ಕಂಬಳಿ ಹೊದಿಸಿದರೆ ಸಾಕೇ ಎಂದು ಕೇಳುತ್ತಾರೆ. ಕಂಬಳಿ ಬಿಸಿ ಹುಟ್ಟಿಸುವುದಿಲ್ಲ, ಇದ್ದ ಬಿಸಿ ಹೋಗುವುದನ್ನು ಒಂದೆರಡು ತಾಸು ತಡಮಾಡುತ್ತದೆ. ಹಾಗೆಯೇ, ರೇಡಿಯೋದಲ್ಲಿ ‘ವಿಂಡ್ ಚಿಲ್ ಮೈನಸ್ 48’ ಎಂದ ಮಾತ್ರಕ್ಕೆ ಇಂಜಿನ್ ಮೈನಸ್ 48ಕ್ಕೆ ಇಳಿಯುವುದಿಲ್ಲ. ಆ ಸಂಖ್ಯೆ ಮನುಷ್ಯನ ಚರ್ಮದ ಲೆಕ್ಕ. ಗಾಳಿಯ ನಿಜವಾದ ಉಷ್ಣಾಂಶ ಮೈನಸ್ 33 ಇದ್ದರೆ ಲೋಹ ಅಲ್ಲಿಗೇ ನಿಲ್ಲುತ್ತದೆ, ಬೇಗ ತಲುಪುತ್ತದೆ ಅಷ್ಟೇ.

9. ಕೂಲೆಂಟಿನ ಹೊರಗೂ ನೀರಿದೆ

ಹೆಡ್ ಗ್ಯಾಸ್ಕೆಟ್ ಹೋದ ಇಂಜಿನ್ನಿನ ಆಯಿಲ್ ಹಾಲು ಬೆರೆತ ಕಾಫಿಯಂತಾಗಿರುತ್ತದೆ. ನೀರು ಭಾರ, ಆಯಿಲ್ ಚೇಂಬರಿನ ತಳಕ್ಕೆ ಇಳಿದು ಆಯಿಲ್ ಪಂಪಿನ ಜಾಲರಿಯ ಸುತ್ತ ಗಡ್ಡೆ ಕಟ್ಟುತ್ತದೆ. ಹೆಡ್ ಇಳಿಸಿದ ದಿನವೇ ಆಯಿಲನ್ನೂ ಇಳಿಸಿ. ಬ್ಯಾಟರಿಯನ್ನು ಕಳಚಿ ಮನೆಯೊಳಗೆ ತನ್ನಿ. ಪೂರ್ತಿ ಚಾರ್ಜಾದ ಬ್ಯಾಟರಿ ಮೈನಸ್ 50ಕ್ಕೂ ಹೆದರುವುದಿಲ್ಲ. ಪೂರ್ತಿ ಇಳಿದದ್ದು ಮೈನಸ್ 10ರ ಸುಮಾರಿಗೇ ಹೆಪ್ಪುಗಟ್ಟಿ ಡಬ್ಬಿ ಬಿರಿಯುತ್ತದೆ. ಹೆಪ್ಪುಗಟ್ಟಿದ ಬ್ಯಾಟರಿಗೆ ಚಾರ್ಜರ್ ಹಚ್ಚಲೇಬೇಡಿ, ಸಿಡಿಯುತ್ತದೆ.

10. ಗಡ್ಡೆ ಕಟ್ಟಿದೆ ಎಂಬ ಅನುಮಾನ ಬಂದರೆ ಕೀಲಿ ಮುಟ್ಟಬೇಡಿ

ಸ್ಟಾರ್ಟ್ ಮಾಡಿ ಕರಗಿಸೋಣ ಎಂಬುದು ಎಲ್ಲರ ಮೊದಲ ಯೋಚನೆ. ವಾಟರ್ ಪಂಪಿನ ರೆಕ್ಕೆ ಐಸಿನಲ್ಲಿ ಹುದುಗಿದ್ದರೆ ಬೆಲ್ಟ್ ಕಿರುಚಿ ಹರಿಯುತ್ತದೆ, ಇಲ್ಲವೇ ಪಂಪಿನ ಶಾಫ್ಟ್ ಮುರಿಯುತ್ತದೆ. ಟೈಮಿಂಗ್ ಬೆಲ್ಟೇ ಪಂಪನ್ನು ತಿರುಗಿಸುವ ಗಾಡಿಯಾದರೆ ವಾಲ್ವುಗಳೂ ಹೋಗಬಹುದು. ಓಡುತ್ತಿರುವಾಗ ಮೈನಸ್ 30ರಲ್ಲಿ ಇಂಜಿನ್ ಅತಿಯಾಗಿ ಕಾದು, ರೇಡಿಯೇಟರ್ ಮಾತ್ರ ಮುಟ್ಟಿದರೆ ಕೊರೆಯುತ್ತಿದ್ದರೆ, ರೇಡಿಯೇಟರಿನಲ್ಲಿ ನುಚ್ಚೈಸು ತುಂಬಿರಬಹುದು. ಆಗ ಕೂಡಲೇ ನಿಲ್ಲಿಸಿ.

ಬೆಚ್ಚನೆಯ ಜಾಗಕ್ಕೆ ಎಳೆಸಿ ಒಂದು ದಿನ ಪೂರ್ತಿ ಬಿಡಿ. ಕುದಿಯುವ ನೀರು ಸುರಿಯಬೇಡಿ, ಐಸ್ ಒಡೆಯದಿದ್ದ ಬ್ಲಾಕನ್ನು ಅದು ಒಡೆದೀತು. ಕರಗಿದ ಮೇಲೆ ಪ್ರೆಷರ್ ಟೆಸ್ಟರ್ ಹಾಕಿ ಕ್ಯಾಪಿನ ಒತ್ತಡದಷ್ಟು ಗಾಳಿ ತುಂಬಿ, ಮುಳ್ಳು ಇಳಿಯುತ್ತದೆಯೇ ನೋಡಿ. ಡಿಪ್‌ಸ್ಟಿಕ್ ಎಳೆದು ಆಯಿಲ್ ಮಟ್ಟ ಏರಿದೆಯೇ ನೋಡಿ. ಹೊರಗೋಡೆಯ ಸೀಳನ್ನು ಬೆಸುಗೆಯಿಲ್ಲದೆ ಲೋಹದ ಹೊಲಿಗೆ ಹಾಕಿ ಮುಚ್ಚುವವರಿದ್ದಾರೆ, ಚೆನ್ನಾಗಿಯೇ ಮಾಡುತ್ತಾರೆ. ಎರಕದ ಕಬ್ಬಿಣಕ್ಕೆ ಕಾಯಿಸದೆ ಬೆಸುಗೆ ಹಾಕಿದರೆ ಪಕ್ಕದಲ್ಲೇ ಇನ್ನೊಂದು ಬಿರುಕು ಹುಟ್ಟುತ್ತದೆ. ಡಬ್ಬಿಯಲ್ಲಿ ಸಿಗುವ ‘ಬ್ಲಾಕ್ ಸೀಲರ್’ ಬಗ್ಗೆ ನನಗೆ ಒಳ್ಳೆಯ ಮಾತಿಲ್ಲ. ಅದು ಬಿರುಕಿಗಿಂತ ಮೊದಲು ಹೀಟರ್ ಕೋರನ್ನು ಮುಚ್ಚುತ್ತದೆ.

11. ನೆಲಕ್ಕೆ ಚೆಲ್ಲಿದ್ದನ್ನು ಹಾಗೇ ಬಿಡಬೇಡಿ

ಎಥಿಲೀನ್ ಗ್ಲೈಕಾಲ್ ಸಿಹಿ. ನಾಯಿ, ಬೆಕ್ಕು ನೆಕ್ಕುತ್ತವೆ, ಸ್ವಲ್ಪ ಹೊಟ್ಟೆ ಸೇರಿದರೂ ಕಿಡ್ನಿ ಕೆಟ್ಟು ಸಾಯುತ್ತವೆ. ಮಕ್ಕಳಿಗೂ ಅಷ್ಟೇ ಅಪಾಯ. ಇಳಿಸಿದ ಟ್ರೇಯನ್ನು ರಾತ್ರಿ ತೆರೆದಿಡಬೇಡಿ, ಚರಂಡಿಗೆ ಸುರಿಯಬೇಡಿ. ಮುಚ್ಚಳದ ಡಬ್ಬಿಗೆ ತುಂಬಿ, ಹಳೇ ಕೂಲೆಂಟ್ ತೆಗೆದುಕೊಳ್ಳುವ ಕೇಂದ್ರಕ್ಕೆ ಕೊಡಿ.

ಕರ್ನಾಟಕದಲ್ಲಿ ಕೂತು ಓದುವವರಿಗೆ ಇದೆಲ್ಲ ದೂರದ ಮಾತು ಅನ್ನಿಸಬಹುದು. ಆದರೆ ಬೆಂಗಳೂರಿನಿಂದ ಲೇಹ್‌ಗೆ, ಸ್ಪಿತಿಗೆ ಗಾಡಿ ಓಡಿಸಿಕೊಂಡು ಹೋಗುವವರು ಈಗ ಕಡಿಮೆಯಿಲ್ಲ, ಚಳಿಗಾಲದಲ್ಲೂ ಹೋಗುತ್ತಾರೆ. ನಮ್ಮೂರ ಗ್ಯಾರೇಜುಗಳಲ್ಲಿ ಮೂರು ಪಾಲು ನೀರಿಗೆ ಒಂದು ಪಾಲು ಕೂಲೆಂಟ್ ಬೆರೆಸುವ ರೂಢಿಯಿದೆ. ಅದು ಹಾಸನಕ್ಕೂ ಮಡಿಕೇರಿಗೂ ಸಾಕು. ಮೈನಸ್ 12ರ ಆಚೆ ಅದು ತಡೆಯುವುದಿಲ್ಲ. ಲೇಹ್‌ನ ಜನವರಿ ರಾತ್ರಿ ಅದಕ್ಕಿಂತ ಕೆಳಗಿಳಿಯುತ್ತದೆ, ದ್ರಾಸ್‌ನದು ಇನ್ನೂ ಕೆಳಗೆ. ದಾರಿಯಲ್ಲಿ ಹೋಸ್ ಹರಿದು ಸಿಕ್ಕಿದ ನೀರು ಹಾಕಿಕೊಂಡರೆ ಅದೂ ಉಳಿಯಲಿಲ್ಲ. ಹೊರಡುವ ಮೊದಲು ಮೆಕ್ಯಾನಿಕ್ ಅಣ್ಣನ ಹತ್ತಿರ ಹಳೆಯದನ್ನು ಬ್ಲಾಕಿನಿಂದಲೂ ಇಳಿಸಿಸಿ ಅರ್ಧಕ್ಕರ್ಧ ತುಂಬಿಸಿ, ರಿಫ್ರಾಕ್ಟೋಮೀಟರಿನಲ್ಲಿ ನೀವೇ ಕಣ್ಣಾರೆ ನೋಡಿ. ಡಿಕ್ಕಿಯಲ್ಲಿ ನೀರು ಬೆರೆಸದ ಕೂಲೆಂಟಿನ ಒಂದು ಕ್ಯಾನ್ ಇಟ್ಟುಕೊಂಡೇ ಹೊರಡಿ.